ಜ್ವರದವರಿಗೊಂದು ಸಂಘ



ವೈದ್ಯರ ಸಂಘವೊಂದರ ಚರಿತ್ರೆ ಹೇಳುತ್ತೇನೆ ಎಂದಾಗ ಸಂಘಟಕರು ಒಂದು ಗಳಿಗೆ ಸುಮ್ಮನಾದರು. ಅದಕ್ಕೇ ಮಂಗನಿಂದ ಶುರು ಮಾಡುತ್ತೇನೆ. ಕೊಡಗಿನ ಹುದಿಕೇರಿಯ ತೋಟದವರಿಗೆ ಮಂಗನ ಪರಿಚಯ ಮಾಡಿಕೊಡಬೇಕಿಲ್ಲವಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅತ್ತ ಸುತ್ತಲ ಹಳ್ಳಿಗಳಲ್ಲಿ ಜನಕ್ಕೆ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮೊದಲು ಟೈಫಾಯಿಡ್ ಇರಬಹುದೆಂದುಕೊಂಡರು. ಮಂಗಗಳೂ ಸಾಯುತ್ತಿವೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಬೇರೆಯೇ ಭಯ ಹುಟ್ಟಿತು: ಆಫ್ರಿಕಾ, ಅಮೆರಿಕಗಳ ಹಳದಿ ಜ್ವರ ಏಷ್ಯಾಕ್ಕೂ ಬಂತೇ? ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ಹುಡುಕಿದಾಗ ಸಿಕ್ಕಿದ್ದು ಹೊಸದೇ ವೈರಸ್. ಅದರ ನೆಂಟಸ್ತಿಕೆ ರಷ್ಯಾದ ಕಾಡುಗಳ ಜ್ವರದ ಜೊತೆ. ಹೊತ್ತು ತಿರುಗುವುದು ಉಣುಗು. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಜನ ಮಂಗನ ಕಾಯಿಲೆ ಎಂದರು. ಪಾಪ, ಮಂಗವೂ ರೋಗಿಯೇ, ಅಪವಾದ ಮಾತ್ರ ಅದರ ತಲೆಗೆ.

ಈ ಕಥೆಯಲ್ಲಿ ಪ್ರಯೋಗಾಲಯದವರಿದ್ದಾರೆ, ಕೀಟ ಬಲ್ಲವರಿದ್ದಾರೆ. ಹಾಸಿಗೆಯ ಪಕ್ಕ ನಿಂತು, ಇದು ಯಾವ ಸೋಂಕು ಎಂದು ತಲೆ ಕೆಡಿಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡ ವೈದ್ಯರಿಗೆ ಆಗ ನಮ್ಮಲ್ಲಿ ತಮ್ಮದೆನ್ನುವ ಮನೆಯಿರಲಿಲ್ಲ. ಒಂದೊಂದು ರೋಗಕ್ಕೆ ಒಂದೊಂದು ಮನೆ: ಮಲೇರಿಯಾಕ್ಕೆ 1927ರಲ್ಲಿ ಕಸೌಲಿಯ ಮಲೇರಿಯಾ ಸರ್ವೇ, ಕ್ಷಯಕ್ಕೆ 1939ರಲ್ಲಿ ಟಿ.ಬಿ. ಅಸೋಸಿಯೇಷನ್. ಅಮೆರಿಕದಲ್ಲಿ ಸೋಂಕುರೋಗದ ವೈದ್ಯರು 1963ರಲ್ಲೇ ಸಂಘ ಕಟ್ಟಿಕೊಂಡರು. ಮೊದಲ ಅಧ್ಯಕ್ಷರು ಬಾಸ್ಟನ್ನಿನ ಮ್ಯಾಕ್ಸ್‌ವೆಲ್ ಫಿನ್‌ಲ್ಯಾಂಡ್. ಸೋಂಕಿಲ್ಲದ ಊರೇ ಇಲ್ಲದ ನಮ್ಮ ದೇಶದ ಕ್ಲಿನಿಕಲ್ ಇನ್‌ಫೆಕ್ಷಿಯಸ್ ಡಿಸೀಸಸ್ ಸೊಸೈಟಿ 2012ರಲ್ಲಿ ಇನ್ನೂ ತನ್ನ ಎರಡನೇ ವಾರ್ಷಿಕ ಸಮ್ಮೇಳನ ನಡೆಸುತ್ತಿತ್ತು. ಇದನ್ನು ವಿಳಂಬ ಎನ್ನದೆ ಬೇರೇನೆನ್ನಲಿ?

ಆದರೆ ಆ ಸಮ್ಮೇಳನದಲ್ಲಿ ನಡೆದ ಕೆಲಸ ಚಿಕ್ಕದಲ್ಲ. ಅದರ ಅಂಗವಾಗಿ ಆಗಸ್ಟ್ 24ರಂದು ಚೆನ್ನೈಯಲ್ಲಿ ದೇಶದ ಬೇರೆ ಬೇರೆ ವೈದ್ಯಸಂಘಗಳನ್ನು ಒಟ್ಟಿಗೆ ಕೂರಿಸಿದರು. ಮಾತುಕತೆ ಆ್ಯಂಟಿಬಯಾಟಿಕ್‌ಗೆ ಬಗ್ಗದ ಸೂಕ್ಷ್ಮಾಣುಗಳ ಬಗ್ಗೆ. ಅಲ್ಲಿಂದ ಬಂದದ್ದೇ ಚೆನ್ನೈ ಘೋಷಣೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಳ್ಳುವ ಅಭ್ಯಾಸಕ್ಕೆ ಕಡಿವಾಣ ಬೀಳಬೇಕೆಂಬುದು ಅದರ ಮುಖ್ಯ ಮಾತುಗಳಲ್ಲೊಂದು. ನೀವು ನಗುತ್ತಿದ್ದೀರಿ, ನಾನೂ ಹಾಗೆ ಕೊಂಡವನೇ.

ಅದೇ 2012ರ ಕೊನೆಗೆ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿ ವಿಲೇವಾರಿ ಮಾಡಿದವರಿಗೆ ಜ್ವರ ಬಂತು. ಶಿವಮೊಗ್ಗದಿಂದ ಅಷ್ಟು ದೂರ, ಅದೇ ಮಂಗನ ಕಾಯಿಲೆ. 2015ರಲ್ಲಿ ವಯನಾಡಿನಲ್ಲಿ ನೂರರ ಆಸುಪಾಸು ಜನ ಮಲಗಿದರು. ಹುದಿಕೇರಿಯಿಂದ ವಯನಾಡೆಂದರೆ ಎಷ್ಟು ದೂರ? ಶ್ರೀಮಂಗಲ, ಕುಟ್ಟ, ಅದರಾಚೆ ತೋಲ್ಪೆಟ್ಟಿ.

ಉಣುಗಿನ ಮರಿಗಳು ಚುರುಕಾಗುವುದು ಮಳೆ ಬಿಟ್ಟ ಮೇಲೆ; ಜ್ವರದ ಕಾಲ ಡಿಸೆಂಬರಿನಿಂದ ಮೇ. ನಮ್ಮಲ್ಲಿ ಕಾಫಿ ಕೊಯ್ಲಿಗೆ ಕಾರ್ಮಿಕರ ಲೈನ್‌ಮನೆಗಳು ತುಂಬುವುದೂ ಆಗಲೇ. ಆ ತಿಂಗಳುಗಳಲ್ಲಿ ಜ್ವರವೆಂದು ಬಂದವರನ್ನು ವೈದ್ಯರು ಮೊದಲು ಕೇಳಬೇಕಾದದ್ದು ಇಷ್ಟೇ: ಯಾವ ಕಾಡಂಚಿನಿಂದ ಬಂದಿರಿ, ಅಲ್ಲಿ ಮಂಗ ಸತ್ತದ್ದು ಕಂಡಿರಾ?