ಹಾಯಿದೋಣಿಯ ಮಾತು



ರಾಜ್ಯದ ಚುಕ್ಕಾಣಿಯನ್ನು ಹಿಡಿದವರೆಂದೂ, ಸಂಸಾರಸಾಗರವನ್ನು ದಾಟಿದವರೆಂದೂ ನಾವು ದಿನನಿತ್ಯವೂ ಆಡಿಕೊಳ್ಳುತ್ತೇವೆ. ಆದರೆ ಬಯಲುಸೀಮೆಯವರಾದ ನಮ್ಮಲ್ಲಿ ನಿಜವಾದ ಚುಕ್ಕಾಣಿಯನ್ನು ಮುಟ್ಟಿ ನೋಡಿದವರು ವಿರಳ. ಹಾಯಿದೋಣಿಯನ್ನು ಮೊದಲ ಬಾರಿಗೆ ಏರುವವನು ಅರಿತಿರಬೇಕಾದ ಕೆಲವು ಮಾತುಗಳನ್ನು ಈ ಹೊತ್ತು ವಿಚಾರ ಮಾಡೋಣ.

ಹೊಸಬನು ದಡದಲ್ಲಿಯೇ ಬಿಟ್ಟುಹೋಗಬೇಕಾದುವು ಎಡ, ಬಲ ಎಂಬ ಎರಡು ಮಾತುಗಳು. ಎದುರುಬದುರಾಗಿ ಕುಳಿತ ಇಬ್ಬರಲ್ಲಿ ಒಬ್ಬನ ಎಡವು ಇನ್ನೊಬ್ಬನಿಗೆ ಬಲವಲ್ಲವೇ? ಆದಕಾರಣ ನಾವಿಕರು ಪಕ್ಕಗಳನ್ನು ಮನುಷ್ಯನಿಗಲ್ಲ, ದೋಣಿಗೇ ಸೇರಿಸಿಬಿಟ್ಟಿದ್ದಾರೆ. ದೋಣಿಯ ಮೂತಿಯ ಕಡೆಗೆ ಮುಖಮಾಡಿ ನಿಂತರೆ ಎಡಗಡೆಯದು ಪೋರ್ಟ್, ಬಲಗಡೆಯದು ಸ್ಟಾರ್‌ಬೋರ್ಡ್. ನಾವು ಯಾವ ಕಡೆಗೆ ತಿರುಗಿದರೂ ಈ ಹೆಸರುಗಳು ತಿರುಗುವುದಿಲ್ಲ. ರಾತ್ರಿಯಲ್ಲಿ ಮೊದಲನೆಯದಕ್ಕೆ ಕೆಂಪು ದೀಪ, ಎರಡನೆಯದಕ್ಕೆ ಹಸುರು ದೀಪ. ಹಿಂದೆ ಆಂಗ್ಲ ನಾವಿಕರು ಎಡಪಕ್ಕವನ್ನು ಲಾರ್‌ಬೋರ್ಡ್ ಎನ್ನುತ್ತಿದ್ದರು. ಗಾಳಿಯ ಅಬ್ಬರದಲ್ಲಿ ಅದು ಸ್ಟಾರ್‌ಬೋರ್ಡ್ ಎಂದೇ ಕೇಳಿಸುವಂತಿದ್ದುದರಿಂದ 1844ರಲ್ಲಿ ಬ್ರಿಟಿಷ್ ನೌಕಾಪಡೆಯು ಆ ಮಾತನ್ನು ಕೈಬಿಟ್ಟಿತು.

ಇನ್ನು ಹಗ್ಗಗಳು. ಹಾಯಿಯನ್ನು ಕಂಬದ ಮೇಲಕ್ಕೆ ಏರಿಸುವ ಹಗ್ಗವು ಹ್ಯಾಲಿಯರ್ಡ್. ಏರಿಸಿದ ಹಾಯಿಯನ್ನು ಬಿಗಿಮಾಡುವ, ಸಡಿಲಿಸುವ ಹಗ್ಗವು ಷೀಟ್. ಇಂಗ್ಲಿಷ್ ಬಲ್ಲವರೇ ಇಲ್ಲಿ ಹೆಚ್ಚಾಗಿ ಎಡವುತ್ತಾರೆ. ಷೀಟ್ ಎಂದೊಡನೆ ಅವರು ಬಟ್ಟೆಯನ್ನು ನೋಡುತ್ತಾರೆ! ಹಠಾತ್ತನೆ ಬಿರುಗಾಳಿ ಬೀಸಿ ದೋಣಿಯು ಒಂದು ಪಕ್ಕಕ್ಕೆ ವಾಲಿದಾಗ ಷೀಟನ್ನು ಸಡಿಲಿಸಿದರೆ ಹಾಯಿಯಲ್ಲಿನ ಒತ್ತಡವು ಇಳಿದು ದೋಣಿಯು ನೆಟ್ಟಗಾಗುತ್ತದೆ. ಯಾವ ಹಗ್ಗವೆಂದು ಯೋಚಿಸುತ್ತ ಕುಳಿತರೆ ಚಿಕ್ಕ ದೋಣಿಯು ಮಗುಚಬಹುದು.

‘ಗಾಳಿ ಬಂದಾಗ ತೂರಿಕೋ’ ಎಂಬುದು ಕಣದ ಬುದ್ಧಿವಾದ. ನೀರಿನ ಮೇಲೆ ಗಾಳಿಯು ಬಂದರೆ ಸಾಲದು, ಎತ್ತಣಿಂದ ಬಂದಿತೆಂಬುದನ್ನೂ ಅರಿಯಬೇಕು. ಗಾಳಿಯು ಬೀಸುವ ದಿಕ್ಕಿಗೆ ನೇರವಾಗಿ ಎದುರು ಸಾಗಲು ಯಾವ ಹಾಯಿಗೂ ಆಗದು. ಸಾಮಾನ್ಯವಾಗಿ ಅದರಿಂದ ಸುಮಾರು 45 ಡಿಗ್ರಿ ಓರೆಯಾಗಿ ಸಾಗಬೇಕು. ಘಟ್ಟದ ರಸ್ತೆಯು ತಿರುವು ತಿರುವಾಗಿ ಬೆಟ್ಟವನ್ನು ಏರುವಂತೆ ದೋಣಿಯು ಒಮ್ಮೆ ಈ ಓರೆಗೆ, ಒಮ್ಮೆ ಆ ಓರೆಗೆ ಹೊರಳುತ್ತ ಮುಂದುವರಿಯುತ್ತದೆ. ಮೂತಿಯು ಗಾಳಿಯನ್ನು ಹಾಯ್ದು ಹೊರಳುವುದಕ್ಕೆ ಟ್ಯಾಕ್ ಎಂದೂ, ಹಿಂಭಾಗವು ಹಾಯ್ದು ಹೊರಳುವುದಕ್ಕೆ ಜೈಬ್ ಎಂದೂ ಹೆಸರು. ಎರಡನೆಯದೇ ಹೆಚ್ಚು ಅಪಾಯಕರ. ಹಾಯಿಯ ಕೆಳಅಂಚನ್ನು ಹಿಡಿದಿರುವ ಬೂಮ್ ಎಂಬ ಅಡ್ಡಮರವು ಆಗ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ರಭಸದಿಂದ ಬೀಸಿಬರುತ್ತದೆ. ತಲೆಯೆತ್ತಿ ನಿಂತವನಿಗೆ ಅದು ಪ್ರಾಣಾಂತಿಕವಾಗಬಹುದು. ಆದ್ದರಿಂದ ಚುಕ್ಕಾಣಿಗನು ‘ಸಿದ್ಧರೇ?’ ಎಂದು ಕೇಳಿ, ‘ಸಿದ್ಧ’ ಎಂಬ ಉತ್ತರವು ಎಲ್ಲರಿಂದಲೂ ಬಂದ ಬಳಿಕವೇ ದೋಣಿಯನ್ನು ಹೊರಳಿಸತಕ್ಕದ್ದು. ಇಲ್ಲಿ ಮೌನವನ್ನು ಸಮ್ಮತಿಯೆಂದು ಎಣಿಸುವಂತಿಲ್ಲ.

ಕೊನೆಯದಾಗಿ, ಯಾರಾದರೂ ನೀರಿಗೆ ಬಿದ್ದರೆ? ಕಂಡವನು ಕೂಡಲೇ ಕೂಗಬೇಕು. ತೇಲುವ ಬಳೆಯನ್ನು ಎಸೆಯಬೇಕು. ಒಬ್ಬನು ಬಿದ್ದವನ ಕಡೆಗೆ ಕೈಚಾಚಿ, ಕಣ್ಣು ಕೀಳದೆ ನೋಡುತ್ತಲೇ ನಿಲ್ಲಬೇಕು. ಹಗ್ಗವನ್ನು ಎಳೆಯುವುದು ಅವನ ಕೆಲಸವಲ್ಲ, ಚುಕ್ಕಾಣಿಯೂ ಅವನದಲ್ಲ. ಅಲೆಗಳ ನಡುವೆ ಮನುಷ್ಯನ ತಲೆಯು ಒಂದು ತೆಂಗಿನಕಾಯಿಯಷ್ಟೇ ಕಾಣುತ್ತದೆ; ಕ್ಷಣಮಾತ್ರ ದೃಷ್ಟಿಯನ್ನು ತಿರುಗಿಸಿದರೂ ಮತ್ತೆ ಸಿಕ್ಕುವುದು ಕಷ್ಟ. ದೋಣಿಯು ಸುತ್ತಿ ಹಿಂದಿರುಗಲು ಆ ಚಾಚಿದ ಕೈಯೇ ದಾರಿ.

ಶ್ರೋತೃಗಳೇ, ಹೊಸಬನಿಗೆ ಸಮುದ್ರವನ್ನು ಗೆಲ್ಲುವ ವಿದ್ಯೆಯು ಒಂದೇ ದಿನದಲ್ಲಿ ಬರಲಾರದು. ಆದರೆ ಕೇಳಿದ ಮಾತಿಗೆ ಉತ್ತರ ಕೊಡುವುದನ್ನೂ, ತನಗೆ ಒಪ್ಪಿಸಿದ ಒಂದು ಕೆಲಸವನ್ನು ಬಿಡದಿರುವುದನ್ನೂ ಅವನು ಮೊದಲನೆಯ ದಿನವೇ ಕಲಿಯಬಲ್ಲನು. ದೋಣಿಯಲ್ಲಿರುವ ಉಳಿದವರು ಅವನಿಂದ ಬೇಡುವುದು ಇಷ್ಟನ್ನೇ.