ಮಗುವಿನ ಅಳತೆಗೆ ಹೆಣೆಯೋಣ

(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಹೆಣಿಗೆ ಬಳಗದ ಪರವಾಗಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)





ಚೆಕ್ ವಿತರಣೆಗೆ ಮೊದಲು ಹತ್ತು ನಿಮಿಷ ಹೆಣಿಗೆ ಬಳಗದ ಕೆಲಸದ ಬಗ್ಗೆ ಹೇಳಲು ನಮಗೆ ಅವಕಾಶ ಕೊಟ್ಟಿದ್ದೀರಿ. ಮಕ್ಕಳಿಗೆ ಆತುರ ಇದೆ ಎಂದು ಗೊತ್ತು. ನಲವತ್ತು ನಿಮಿಷದ ಪಿರಿಯಡ್ ತೆಗೆದುಕೊಂಡು ಅಭ್ಯಾಸ ನಮಗೆ. ಆದರೂ ಹತ್ತೇ ನಿಮಿಷದಲ್ಲಿ ಮುಗಿಸುತ್ತೇವೆ.

ಬಳಗ ಎಂದರೆ ದೊಡ್ಡ ಸಂಸ್ಥೆಯೇನಲ್ಲ. ನಿವೃತ್ತರಾದ ಕೆಲವು ಶಿಕ್ಷಕಿಯರು, ದಾಸರಹಳ್ಳಿ, ಚೊಕ್ಕಸಂದ್ರ, ಲಗ್ಗೆರೆ ಕಡೆಯ ಕೆಲವು ಗೃಹಿಣಿಯರು. ಭಾನುವಾರ ಝುಹರ್ ನಮಾಝ್ ಆದ ಮೇಲೆ ಸೇರುತ್ತೇವೆ. ನಮ್ಮ ತಾಯಂದಿರ ಕಾಲದಲ್ಲಿ ಬಹಳ ಮನೆಗಳಲ್ಲಿ ಕ್ರೋಷಾ ಕಡ್ಡಿ ಇರುತ್ತಿತ್ತು. ನಮಾಝಿನ ಟೋಪಿ, ಹಾಲಿನ ಪಾತ್ರೆಗೆ ಮಣಿ ಕಟ್ಟಿದ ಮುಚ್ಚಳ, ಹಸುಗೂಸಿಗೆ ಕುಲಾವಿ ಎಲ್ಲವೂ ಮನೆಯಲ್ಲೇ ಆಗುತ್ತಿದ್ದವು. ಆ ವಿದ್ಯೆ ನಮ್ಮ ಕೈಯಲ್ಲೇ ಮುಗಿದುಹೋಗದಿರಲಿ, ಚಳಿಯಲ್ಲಿರುವ ಮಕ್ಕಳಿಗೂ ಉಪಯೋಗವಾಗಲಿ ಎಂದು ಶುರು ಮಾಡಿದೆವು.

ಬೆಂಗಳೂರಿನಲ್ಲಿ ಚಳಿ ಎಲ್ಲಿದೆ ಎಂದು ದಾನಿಗಳೊಬ್ಬರು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿಗೆ ಇಳಿದದ್ದು ಇಂದಿಗೂ ದಾಖಲೆ. ಈಗ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಸಾಮಾನ್ಯವಾಗಿ 15, 16 ಡಿಗ್ರಿ ಇರುತ್ತದೆ. ಇಟ್ಟಿಗೆ ಗೋಡೆ, ತಾರಸಿ ಇರುವ ಮನೆಗೆ ಅದು ಹಿತವಾದ ಹವೆ. ಪೀಣ್ಯದ ಹಿಂಬದಿಯಲ್ಲಿ, ವೈಟ್‌ಫೀಲ್ಡಿನಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಪಕ್ಕದಲ್ಲಿ ತಗಡಿನ ಶೆಡ್ಡುಗಳಿವೆಯಲ್ಲ, ಅಲ್ಲಿ ಹಾಗಲ್ಲ. ಹಗಲು ಕಾದ ತಗಡು ರಾತ್ರಿ ಬೇಗ ತಣ್ಣಗಾಗುತ್ತದೆ. ಕೆಳಗೆ ಮಲಗುವುದು ನೆಲದ ಮೇಲೆ. ರಾಯಚೂರು, ಯಾದಗಿರಿ, ಕಲಬುರಗಿಯಂಥ ಬಿಸಿಲು ನಾಡಿನಿಂದ ಬಂದ ಕುಟುಂಬಗಳು ಸ್ವೆಟರ್ ಗಂಟು ಕಟ್ಟಿಕೊಂಡು ಬಂದಿರುವುದಿಲ್ಲ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿಗೆ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಸಾಲದು.

ಮೊದಲ ವರ್ಷ ನಾವು ಮಾಡಿದ ತಪ್ಪನ್ನು ಮರೆಮಾಚದೆ ಹೇಳುತ್ತೇವೆ. ನಮಗೆ ಚೆಂದ ಕಂಡದ್ದನ್ನೆಲ್ಲ ಹೆಣೆದೆವು. ಎದೆ ಮೇಲೆ ಹೂವು, ತುದಿಗೆ ಕುಚ್ಚು, ಕುತ್ತಿಗೆಗೆ ಉದ್ದನೆಯ ದಾರ. ಎಲ್ಲ ಮುಗಿಯುವ ಹೊತ್ತಿಗೆ ಜನವರಿ ಕೊನೆಯ ವಾರ; ಚಳಿ ಹೋಗುತ್ತಿತ್ತು. ಶೆಡ್ಡುಗಳ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬ್ಯಾನರ್ ಹಿಡಿದು, ಫೋಟೋ ತೆಗೆಸಿಕೊಂಡು ಹಂಚಿದೆವು. ಒಬ್ಬ ತಾಯಿ ಸ್ವೆಟರನ್ನು ಮಗನ ತಲೆಗೆ ಹಾಕಲು ನೋಡಿದಳು. ಹೋಗಲಿಲ್ಲ. ಮಗು ಅಳತೊಡಗಿತು. ಆಕೆ ಅದನ್ನು ಮಡಚಿ ಕೈಗೆ ಕೊಟ್ಟು, "ಚೆಂದ ಐತ್ರಿ ಅಮ್ಮಾರ, ಆದ್ರ ತಲಿ ತೂರವಲ್ದು" ಎಂದಳು. ಎಷ್ಟು ವರ್ಷ ಮಕ್ಕಳ ನಡುವೆಯೇ ಇದ್ದೆವು! ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು ಎಂಬುದು ನಮ್ಮ ಲೆಕ್ಕಕ್ಕೆ ಬರಲಿಲ್ಲ. ಇನ್ನೊಬ್ಬ ಹುಡುಗ, ಎಂಟು ಒಂಬತ್ತು ವರ್ಷದವನು, ಸಾಲಿಗೇ ಬರಲಿಲ್ಲ. ದೂರ ನಿಂತು ನೋಡಿದ. ಅವನಿಗೆ ಸ್ವೆಟರ್ ಬೇಕಿತ್ತು, ಫೋಟೋ ಬೇಡವಾಗಿತ್ತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಚಿಕ್ಕಂದಿನಲ್ಲೇ ಕೇಳಿದ್ದೆವು. ಆ ದಿನ ಇಡೀ ಬೀದಿಗೆ ತಿಳಿಸಿ ಬಂದಿದ್ದೆವು.

ಅಂದಿನಿಂದ ಕೆಲವು ನಿಯಮ ಮಾಡಿಕೊಂಡಿದ್ದೇವೆ.

ಒಂದು, ಮೊದಲು ಅಳತೆ, ಆಮೇಲೆ ಕಡ್ಡಿ. ಅಂಗನವಾಡಿ ಕಾರ್ಯಕರ್ತೆಯರ ಜೊತೆ ಹೋಗಿ ಟೇಪಿನಲ್ಲಿ ಎದೆ, ತೋಳು, ತಲೆಯ ಸುತ್ತಳತೆ ಬರೆದುಕೊಳ್ಳುತ್ತೇವೆ. ದಿನ ತುಂಬಿ ಹುಟ್ಟಿದ ಕೂಸಿನ ತಲೆ ಸುಮಾರು 35 ಸೆಂಟಿಮೀಟರ್, ಒಂದು ವರ್ಷಕ್ಕೆ ಸುಮಾರು 46. ಎದೆಯ ಅಳತೆಗಿಂತ ಎರಡು ಅಂಗುಲ ಸಡಿಲ ಬಿಡುತ್ತೇವೆ. ತೋಳನ್ನು ಉದ್ದ ಮಾಡಿ ಮಡಚಿಡುತ್ತೇವೆ. ಮುಂದಿನ ವರ್ಷಕ್ಕೂ ಬರುತ್ತದೆ.

ಎರಡು, ಕುಚ್ಚು, ಮಣಿ, ಕುತ್ತಿಗೆಯ ದಾರ ಇಲ್ಲ. ಮಣಿ ಬಾಯಿಗೆ ಹೋಗುತ್ತದೆ, ದಾರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಕ್ರೋಷಾದಲ್ಲಿ ದೊಡ್ಡ ತೂತಿನ ಕಸೂತಿ ಚೆಂದ, ಆದರೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ, ಗಾಳಿಯೂ ನುಗ್ಗುತ್ತದೆ. ಒತ್ತಾಗಿ ಹೆಣೆಯಬೇಕು.

ಮೂರು, ಉಲ್ಲನ್ ಆರಿಸುವಾಗ ಶೆಡ್ಡಿನ ಒಲೆ ನೆನಪಿರಬೇಕು. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಬಹುತೇಕ ಅಕ್ರಿಲಿಕ್. ಅಗ್ಗ, ಮೆತ್ತಗೆ, ಒಗೆಯಲು ಸುಲಭ. ಆದರೆ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಕುರಿಯ ಉಣ್ಣೆಗೆ ಬೆಂಕಿ ಬೇಗ ಹತ್ತುವುದಿಲ್ಲ. ಬೆಲೆ ಹೆಚ್ಚು, ಬಿಸಿನೀರಿನಲ್ಲಿ ಒಗೆದರೆ ಕುಗ್ಗುತ್ತದೆ. ನಮ್ಮ ಚಳ್ಳಕೆರೆಯ ಕಂಬಳಿ ಹೊದೆಯಲು ಎಷ್ಟು ಒಳ್ಳೆಯದೋ, ಆ ಒರಟು ಉಣ್ಣೆ ಕೂಸಿನ ಕೆನ್ನೆಗೆ ಅಷ್ಟೇ ಚುಚ್ಚುತ್ತದೆ. ಹಾಗಾಗಿ ಒಲೆಯ ಬಳಿ ಓಡಾಡುವ ಮಕ್ಕಳ ಸ್ವೆಟರಿಗೆ ಉಣ್ಣೆ ಬೆರೆತ ನೂಲು, ತೋಳು ಮಣಿಕಟ್ಟಿಗೆ ಬಿಗಿ. ಟೋಪಿ, ಕಾಲುಚೀಲಕ್ಕೆ ಮೆತ್ತನೆಯ ಅಕ್ರಿಲಿಕ್. ನಾಲ್ಕು ವರ್ಷದ ಮಗುವಿನ ಸ್ವೆಟರಿಗೆ 150ರಿಂದ 200 ಗ್ರಾಂ ಬೇಕು, ಟೋಪಿಗೆ 50 ಗ್ರಾಂ ಸಾಕು.

ನಾಲ್ಕು, ಜೂನ್ ತಿಂಗಳಲ್ಲಿ ನೂಲು ಹಂಚಿಕೆ, ಅಕ್ಟೋಬರ್ ಕೊನೆಗೆ ವಾಪಸ್. ನವೆಂಬರಿನಲ್ಲಿ ತಾಯಂದಿರ ಕೈಗೇ ಕೊಡುತ್ತೇವೆ. ಸಾಲು ಇಲ್ಲ, ಬ್ಯಾನರ್ ಇಲ್ಲ, ಫೋಟೋ ಇಲ್ಲ. ಈ ಸಲದ ವರದಿಯಲ್ಲಿ ನಮ್ಮ ಪುಟದಲ್ಲಿ ಚಿತ್ರ ಏಕಿಲ್ಲ ಎಂದು ದಾನಿಗಳು ಕೇಳಿದ್ದಕ್ಕೆ ಉತ್ತರ ಇದೇ. ಎಷ್ಟು ನೂಲು ಬಂತು, ಎಷ್ಟು ಬಟ್ಟೆ ಹೋಯಿತು ಎಂಬ ರಿಜಿಸ್ಟರ್ ಕಚೇರಿಯಲ್ಲಿದೆ. ಯಾರು ಬೇಕಾದರೂ ನೋಡಬಹುದು.

ಹಣದ ಬಗ್ಗೆಯೂ ಒಂದು ಮಾತು. ಝಕಾತ್ ಹಣಕ್ಕೆ ಯಾರು ಹಕ್ಕುದಾರರೆಂದು ಗೊತ್ತುಪಡಿಸಲಾಗಿದೆ. ಶೆಡ್ಡಿನಲ್ಲಿ ನಾವು ಯಾವ ಮಗುವಿನ ಹೆಸರು, ಜಾತಿ, ಧರ್ಮ ಕೇಳುವುದಿಲ್ಲ, ಅಳತೆ ಮಾತ್ರ ಕೇಳುತ್ತೇವೆ. ಆದ್ದರಿಂದ ನೂಲಿಗೆ ಝಕಾತ್ ಹಣ ಮುಟ್ಟುವುದಿಲ್ಲ. ಸದಕಾ ಖಾತೆಯಿಂದ ಮಾತ್ರ ಕೊಳ್ಳುತ್ತೇವೆ. ದಾನಿಗಳು ರಸೀದಿ ಬರೆಸುವಾಗ ಯಾವ ಖಾತೆಗೆ ಎಂದು ದಯವಿಟ್ಟು ಹೇಳಿ.

ಈಗ ತಂದೆ ತಾಯಂದಿರಿಗೆ ಒಂದು ವಿಷಯ. ವಿದ್ಯಾರ್ಥಿವೇತನ ಪಡೆಯುವ ಪ್ರತಿ ಮಗುವಿನ ತಾಯಿ ವರ್ಷಕ್ಕೆ ಎರಡು ಸ್ವೆಟರ್ ಹೆಣೆದುಕೊಡಬೇಕು ಎಂದು ನಿಯಮ ಮಾಡೋಣ ಎಂಬ ಸಲಹೆ ಬಂದಿತ್ತು. ಮೊದಲು ನಮಗೂ ಸರಿಯೆನಿಸಿತ್ತು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಒಬ್ಬ ತಾಯಿಯನ್ನು ಕೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನವಿಡೀ ಮಷಿನ್ ಮುಂದೆ ಕಾಲರ್ ಹೊಲಿದು ಬರ್ತೀನಿ ಟೀಚರ್. ರಾತ್ರಿ ಕಣ್ಣು ಉರಿಯುತ್ತೆ. ಮಗಳ ಫೀಸಿಗೋಸ್ಕರ ಹೆಣಿ ಅಂದ್ರೆ ಹೆಣಿತೀನಿ" ಎಂದಳು. ಆ ಕೊನೆಯ ಮಾತು ಕೇಳಿ ನಮಗೆ ನಾಚಿಕೆಯಾಯಿತು. ಫೀಸು ಕೊಟ್ಟು ಕೂಲಿ ಮಾಡಿಸಿದಂತಾಗುತ್ತದೆ. ಆ ಸಲಹೆಯನ್ನು ಅಲ್ಲಿಗೇ ಕೈಬಿಟ್ಟೆವು. ವಿದ್ಯಾರ್ಥಿವೇತನಕ್ಕೂ ಹೆಣಿಗೆಗೂ ಯಾವ ಸಂಬಂಧವೂ ಇಲ್ಲ. ಇಂದು ಈ ವೇದಿಕೆಯಿಂದ ಎಲ್ಲರೆದುರು ಹೇಳುತ್ತಿದ್ದೇವೆ, ಯಾರೂ ಮನಸ್ಸಿನಲ್ಲಿ ಅಳುಕು ಇಟ್ಟುಕೊಳ್ಳಬೇಡಿ.

ಅದೇ ತಾಯಿ ಹೊರಡುವಾಗ ಮೇಜಿನ ಮೇಲಿದ್ದ ಒಂದು ಸ್ವೆಟರ್ ಎತ್ತಿ ನೋಡಿದಳು. "ಕುತ್ತಿಗೆ ಹೀಗಿದ್ರೆ ತಲೆ ಹೋಗಲ್ಲ. ಎಡ ಭುಜ ತೆರೆದು ಎರಡು ಗುಂಡಿ ಇಡಿ. ತೀರಾ ಸಣ್ಣ ಕೂಸಿಗೆ ಗುಂಡಿ ಬೇಡ, ಎರಡು ಭುಜದಲ್ಲೂ ಮುಂದಿನದು ಹಿಂದಿನದರ ಮೇಲೆ ಬರೋ ಹಾಗೆ ಮಾಡಿ" ಎಂದು ಬೆರಳಲ್ಲೇ ತೋರಿಸಿಕೊಟ್ಟಳು. ಈಗ ನಮ್ಮ ಎಲ್ಲ ಸ್ವೆಟರುಗಳೂ ಆ ಪ್ರಕಾರವೇ. ಒಂದೂ ವಾಪಸ್ ಬಂದಿಲ್ಲ, ಅಲ್‌ಹಮ್ದುಲಿಲ್ಲಾಹ್.

ಪುರುಸೊತ್ತು ಇದ್ದು, ಮನಸ್ಸೂ ಇರುವವರು ಬನ್ನಿ. ಸ್ವೆಟರ್ ಬರದಿದ್ದರೆ ಆರು ಅಂಗುಲದ ಒಂದು ಚೌಕ ಸಾಕು. 48 ಚೌಕ ಸೇರಿಸಿದರೆ ಒಂದು ಮಗುವಿಗೆ ಹೊದಿಕೆಯಾಗುತ್ತದೆ. 2016ರ ಜನವರಿಯಲ್ಲಿ ಚೆನ್ನೈನಲ್ಲಿ ಸುಬಶ್ರೀ ನಟರಾಜನ್ ಅವರ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಬಳಗದ ಹೆಂಗಸರು ಹೀಗೆ ತುಂಡು ತುಂಡು ಸೇರಿಸಿಯೇ 11,148.5 ಚದರ ಮೀಟರಿನ ಕ್ರೋಷಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ಆಮೇಲೆ ಅದನ್ನು ಬಿಡಿಸಿ ಬೇಕಾದವರಿಗೆ ಹೊದಿಕೆಗಳಾಗಿ ಹಂಚಿದರು. ನಮಗೆ ದಾಖಲೆ ಬೇಡ. ನವೆಂಬರ್ ಒಳಗೆ ಪಟ್ಟಿಯಲ್ಲಿರುವ ಮಕ್ಕಳಿಗೆಲ್ಲ ಮುಟ್ಟಿದರೆ ಸಾಕು.

ದಾನಿಗಳಲ್ಲಿ ಒಂದೇ ಕೋರಿಕೆ. ಹಳೆಯ ಸ್ವೆಟರ್ ಕಳಿಸುವುದಾದರೆ ಒಗೆದು, ಗುಂಡಿ ಹಾಕಿ ಕಳಿಸಿ. ನಿಮ್ಮ ಮೊಮ್ಮಗುವಿಗೆ ಹಾಕಲು ಒಪ್ಪುವಂಥದ್ದನ್ನೇ ಕೊಡಿ. ಕಡ್ಡಿ, ನೂಲು ಕಚೇರಿಯಲ್ಲಿವೆ, ಕಲಿಸಲು ನಾವಿದ್ದೇವೆ.

ಚೆಕ್ ಪಡೆಯಲಿರುವ ಮಕ್ಕಳಿಗೆ ಶುಭವಾಗಲಿ, ಚೆನ್ನಾಗಿ ಓದಿ. ಅಲ್ಲಾಹನು ನಮ್ಮೆಲ್ಲರ ಕೆಲಸವನ್ನು ಸ್ವೀಕರಿಸಲಿ.