ಕೊಳವೆಬಾವಿಯ ನೀರು ಮತ್ತು ಆರ್.ಒ. ಘಟಕ



ಹೇಮಾವತಿಯ ನೀರು ತಲುಪದ ಊರುಗಳಲ್ಲಿ ಕುಡಿಯಲು ಕೊಳವೆಬಾವಿಯೇ ಆಧಾರ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲಿಗೂ ದೊಡ್ಡವರ ಮೂಳೆಗೂ ಕೇಡು.

ಆರ್.ಒ. ಘಟಕದಲ್ಲಿ ಪಂಪು ನೀರನ್ನು ಒತ್ತಡದಿಂದ ಅತಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುತ್ತದೆ. ನೀರು ದಾಟುತ್ತದೆ, ಫ್ಲೋರೈಡ್, ನೈಟ್ರೇಟ್ ಮತ್ತಿತರ ಲವಣಗಳ ಬಹುಪಾಲು ಈಚೆಯೇ ಉಳಿದು ತ್ಯಾಜ್ಯ ನೀರಿನೊಡನೆ ಹೊರಬೀಳುತ್ತದೆ. ಈ ನೀರನ್ನು ದನಕರುಗಳಿಗೆ ಕುಡಿಸಬೇಡಿ, ಬಾವಿಯ ಬಳಿ ಇಂಗಲು ಬಿಡಬೇಡಿ. ಶೌಚಾಲಯ ತೊಳೆಯಲು ಬಳಸಿ.

ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಲವಣಗಳು ಮಿತಿಯಲ್ಲಿದ್ದರೆ ಸೋಸಿ ಕುದಿಸಿದರೆ ಸಾಕು. ಘಟಕವಿದ್ದರೆ ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸಿ. ಪೊರೆ ಹಾಳಾದರೆ ನೀರು ತಿಳಿಯಾಗಿ ಕಂಡರೂ ಫ್ಲೋರೈಡ್ ಉಳಿದಿರುತ್ತದೆ.